7 ಬಗೆ ಸಾರಿನ ಪುಡಿ, ತಲೆಗೆ 3 ಲೋಟ: ಈ ಪಟ್ಟಿ ಗಣಿತದವರದೋ ಹೊಲದವರದೋ?

ಸಾರಿನಪುಡಿ_ಶಾಲಿನಿ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಸಾರಿನ ಪುಡಿ ಮಾಡಿ ಮಾರುತ್ತೇನೆ. ಈ ಸಲ 7 ಬಗೆ ಮಾಡಿದ್ದೆ. ಒಂದರಲ್ಲಿ ಬ್ಯಾಡಗಿ ಜಾಸ್ತಿ, ಒಂದರಲ್ಲಿ ಗುಂಟೂರು ಜಾಸ್ತಿ, ಒಂದಕ್ಕೆ ಇಂಗು, ಒಂದಕ್ಕೆ ಮೆಂತ್ಯ ಕಡಿಮೆ, ಹೀಗೆ. ಯಾವುದನ್ನು ಮಾರಾಟಕ್ಕೆ ಇಡುವುದು ಅಂತ ನೋಡಲು ಬೀದಿಯ 7 ಜನರನ್ನು ಕರೆದು, ತಿಳಿಸಾರು ಮಾಡಿ, ಪುಟ್ಟ ಲೋಟಗಳಲ್ಲಿ ಕೊಟ್ಟು 10ಕ್ಕೆ ಅಂಕ ಹಾಕಿಸಿದೆ. ಒಬ್ಬರಿಗೇ ಏಳೂ ಕೊಟ್ಟರೆ ನಾಲ್ಕನೇ ಲೋಟಕ್ಕೆ ನಾಲಿಗೆ ಕೈಕೊಡುತ್ತದೆ. ಅದಕ್ಕೆ ತಲೆಗೆ 3 ಸಾಕು ಅಂದುಕೊಂಡೆ.

ಯಾರಿಗೆ ಯಾವ 3? ಅಕ್ಕನ ಮಗಳು ಗಣಿತ ಎಂ.ಎಸ್ಸಿ. ಓದುತ್ತಿದ್ದಾಳೆ. ಅವಳು ಹಳೇ ಕ್ಯಾಲೆಂಡರ್ ಹಿಂದೆ ಒಂದು ತ್ರಿಕೋನ, ಅದರೊಳಗೆ ಒಂದು ವೃತ್ತ ಬರೆದು, 7 ಚುಕ್ಕೆ ಇಟ್ಟು ಈ ಪಟ್ಟಿ ಕೊಟ್ಟಳು:

123, 145, 167, 246, 257, 347, 356

"ಚಿಕ್ಕಮ್ಮಾ, ಯಾವ ಎರಡು ಪುಡಿ ತೆಗೆದುಕೊಂಡರೂ ಅವು ಜೊತೆಯಾಗಿ ಬರುವುದು ಒಬ್ಬರ ಮುಂದೆ ಮಾತ್ರ, ಒಂದೇ ಸಲ. ಬೇಕಾದರೆ ಎಣಿಸು" ಅಂದಳು. ಎಣಿಸಿದೆ. ನಿಜ! ಫಾನೋ ಸಮತಲ ಅಂತ ಇದರ ಹೆಸರಂತೆ.

ಸಂಜೆ ನಾದಿನಿಯ ಗಂಡ ಊಟಕ್ಕೆ ಬಂದಿದ್ದರು. ಕೃಷಿ ವಿಶ್ವವಿದ್ಯಾಲಯದಲ್ಲಿ ಕೆಲಸ. ಪಟ್ಟಿ ನೋಡಿದ್ದೇ, "ಇದು ನಮ್ಮ ಬಿಐಬಿಡಿ ಕಣಮ್ಮಾ, ಬ್ಯಾಲೆನ್ಸ್ಡ್ ಇನ್‌ಕಂಪ್ಲೀಟ್ ಬ್ಲಾಕ್ ಡಿಸೈನ್, ತಳಿ ಪರೀಕ್ಷೆಗೆ ಬಳಸುವುದು" ಅಂದರು. ಹುಡುಗಿ ಬಿಡಲಿಲ್ಲ. ಅವರೂ ಬಿಡಲಿಲ್ಲ. ತಟ್ಟೆಯ ಮುದ್ದೆ ಆರಿ ಕಲ್ಲಾಯಿತು.

ನನ್ನ ಪ್ರಶ್ನೆ ಎರಡು. ಇದು ನಿಜವಾಗಿ ಯಾರದು? ಎರಡೂ ಕಡೆ ಒಂದೇ ಪಟ್ಟಿ ಹೇಗೆ ಬಂತು? ಎರಡನೆಯದು, 1ನೇ ಪುಡಿ ಗೆದ್ದಿದೆ, 7ನೆಯದು ಕೊನೆಗೆ ಬಂದಿದೆ. ಆ 7ನೆಯದು ನಮ್ಮ ಅಮ್ಮನ ಪುಡಿ. ಹತ್ತು ವರ್ಷದಿಂದ ಜನ ಕೇಳಿ ಒಯ್ಯುವುದು ಅದನ್ನೇ. ನಂಬಲಾ?

ಕಾಫಿ_ಕುಡುಕ

ಒಂದೇ ದಿನ 7 ಸಾರು ಮಾಡಿದಿರಾ? ನಿಮ್ಮ ಮನೆ ಎಲ್ಲಿ ಬರುತ್ತದೆ ಮೇಡಂ?

ಬೀಜಗಣಿತ_ಭಟ್ಟ

ಹುಡುಗಿ ಹೇಳಿದ್ದೇ ಸರಿ. ಇದು ಅಪ್ಪಟ ಗಣಿತ. ಕರ್ಕ್‌ಮನ್ ಅನ್ನುವ ಇಂಗ್ಲೆಂಡಿನ ಪಾದ್ರಿ 1847ರಲ್ಲೇ ಇಂಥ ಮೂರುಮೂರರ ಗುಂಪುಗಳ ಬಗ್ಗೆ ಬರೆದಿದ್ದರು. 1850ರಲ್ಲಿ ಅವರದೇ ಒಂದು ಒಗಟು: 15 ಶಾಲಾ ಹುಡುಗಿಯರು, ದಿನಾ ಮೂವರ ಸಾಲಿನಲ್ಲಿ ವಾಯುವಿಹಾರ, 7 ದಿನ. ಯಾವ ಇಬ್ಬರೂ ಎರಡು ಸಲ ಒಂದೇ ಸಾಲಿನಲ್ಲಿ ಬರಬಾರದು. ಸಾಧ್ಯವಾ? ಸಾಧ್ಯ. ಹೊಲ, ತಳಿ, ಗೊಬ್ಬರ ಆಗ ಯಾರ ತಲೆಯಲ್ಲೂ ಇರಲಿಲ್ಲ.

ಹೊಲದ_ಲೆಕ್ಕ

ಭಟ್ಟರೇ, ಒಂದು ಸಣ್ಣ ಪ್ರಶ್ನೆ. ನಿಮ್ಮ ಕಾಂಬಿನೇಟರಿಕ್ಸ್ (ಜೋಡಣೆಗಳ ಗಣಿತ) ಪುಸ್ತಕದಲ್ಲಿ ಚುಕ್ಕೆಗಳ ಸಂಖ್ಯೆಗೆ 'ವಿ' ಅಂತ ಬರೆಯುತ್ತೀರಲ್ಲ, ಆ 'ವಿ' ಏನು?

ಬೀಜಗಣಿತ_ಭಟ್ಟ

ಅದು... ಸುಮ್ನೆ ಒಂದು ಅಕ್ಷರ.

ಹೊಲದ_ಲೆಕ್ಕ

ಅಲ್ಲ ಸ್ವಾಮಿ. 'ವೆರೈಟಿ'ಯ ವಿ. ಅಂದರೆ ತಳಿ. 'ಬಿ' ಅಂದರೆ ಬ್ಲಾಕ್, ಹೊಲದ ತುಂಡು. 'ಆರ್' ಅಂದರೆ ರೆಪ್ಲಿಕೇಶನ್, ಒಂದು ತಳಿ ಎಷ್ಟು ಕಡೆ ಬಿತ್ತಿದ್ದೀರಿ ಅಂತ. ಹೊಲ ಕಾಣದವರೂ ಇವತ್ತಿಗೂ ಗೋಧಿ ಆಲೂಗಡ್ಡೆ ತಳಿಗಳ ಹೆಸರಲ್ಲೇ ಪ್ರಮೇಯ ಬರೆಯುತ್ತಿದ್ದೀರಿ 😀

ಇದು ಶುರುವಾಗಿದ್ದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ. ಸಂಖ್ಯಾಶಾಸ್ತ್ರಜ್ಞ ಫಿಶರ್ 1919ರಲ್ಲಿ ಅಲ್ಲಿಗೆ ಹೋದರು. ಹೊಲದ ಮಣ್ಣು ಎಲ್ಲಾ ಕಡೆ ಒಂದೇ ಇರುವುದಿಲ್ಲ ಅಲ್ವಾ? ನಮ್ಮ ಕಡೆಯೂ ಅಷ್ಟೇ. ಕೆರೆ ಬದಿಯ ತುದಿಯಲ್ಲಿ ರಾಗಿ ಸೊಂಟದೆತ್ತರ, ದಿಣ್ಣೆ ಕಡೆ ಮೊಣಕಾಲು. ಒಳ್ಳೇ ತಳಿಯನ್ನು ದಿಣ್ಣೆಯಲ್ಲಿ ಬಿತ್ತಿ, ಸಾಧಾರಣ ತಳಿಯನ್ನು ಕೆರೆ ಬದಿಗೆ ಬಿತ್ತಿದರೆ ತೀರ್ಪು ತಲೆಕೆಳಗು. ಅದಕ್ಕೆ ಮಣ್ಣು ಸುಮಾರಾಗಿ ಒಂದೇ ಥರ ಇರುವ ಸಣ್ಣ ತುಂಡು ಮಾಡಿ, ಅದರೊಳಗೇ ಹೋಲಿಸಬೇಕು. ಆದರೆ ಸಣ್ಣ ತುಂಡಿನಲ್ಲಿ ಎಲ್ಲಾ ತಳಿ ಹಿಡಿಸುವುದಿಲ್ಲ. ಆಗ ಯಾವ ತುಂಡಿಗೆ ಯಾವ ತಳಿ ಅನ್ನುವ ಪ್ರಶ್ನೆ. ಅಲ್ಲೇ ಕೆಲಸ ಮಾಡುತ್ತಿದ್ದ ಯೇಟ್ಸ್ 1936ರಲ್ಲಿ ಕೊಟ್ಟ ಉತ್ತರವೇ ಬಿಐಬಿಡಿ. ಶಾಲಿನಿಯವರೇ, ನಿಮ್ಮಲ್ಲಿ ತಳಿ ಅಂದರೆ ಪುಡಿ, ಹೊಲದ ತುಂಡು ಅಂದರೆ ನೆರೆಯವರ ನಾಲಿಗೆ.

ಬೀಜಗಣಿತ_ಭಟ್ಟ

ಸರಿ, ಅಕ್ಷರದ ವಿಷಯದಲ್ಲಿ ಸೋತೆ. ಆದರೆ ಯೇಟ್ಸ್ ಕೇಳಿದ್ದು ಪ್ರಶ್ನೆ. ಅಂಥ ಪಟ್ಟಿ ಕಟ್ಟುವ ಸಾಮಾನ್ಯ ದಾರಿ ಕೊಟ್ಟವರು ಕಲ್ಕತ್ತೆಯ ರಾಜ್ ಚಂದ್ರ ಬೋಸ್. ಅವರು ಮೂಲತಃ ಜ್ಯಾಮಿತಿಯವರು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಮಹಾಲನೋಬಿಸ್ ಅವರನ್ನು ಅಲ್ಲಿಗೆ ಎಳೆದು ತಂದರು. 1937-38ರ ಚಳಿಗಾಲದಲ್ಲಿ ಫಿಶರ್ ಕಲ್ಕತ್ತೆಗೆ ಬಂದಿದ್ದರು. ಮರುವರ್ಷವೇ, 1939ರಲ್ಲಿ, ಬೋಸರ ದೊಡ್ಡ ಲೇಖನ ಬಂತು. ಅದರೊಳಗೆ ಏನಿದೆ? ಗಾಲ್ವಾ ಕ್ಷೇತ್ರಗಳು (ಕೆಲವೇ ಸಂಖ್ಯೆಗಳೊಳಗಿನ ಕೂಡು-ಗುಣಿಸು ಲೆಕ್ಕ), ಸಾಂತ ಜ್ಯಾಮಿತಿ (ಎಣಿಸಿದಷ್ಟೇ ಚುಕ್ಕೆಗಳ ಜ್ಯಾಮಿತಿ). ಅಲ್ಲಿಯ ತನಕ 'ಇದರಿಂದ ಯಾರಿಗೆ ಉಪಯೋಗ' ಅಂತ ನಗುತ್ತಿದ್ದ ಗಣಿತ.

ಫಿಶರ್ ಕೂಡ ಸುಮ್ಮನಿರಲಿಲ್ಲ. ಬ್ಲಾಕುಗಳ ಸಂಖ್ಯೆ ತಳಿಗಳ ಸಂಖ್ಯೆಗಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ ಅಂತ 1940ರಲ್ಲಿ ಸಾಧಿಸಿದರು. 7 ಪುಡಿಗೆ 6 ಜನ ಸಾಕು ಅಂತ ನೀವು ಎಷ್ಟು ತಿಣುಕಿದರೂ ಆಗುವುದಿಲ್ಲ. ಕಮ್ಮಿ ಅಂದರೆ 7 ಜನ ಬೇಕು. ಫಿಶರ್ ಅಸಮಾನತೆ ಅಂತ ಇವತ್ತು ಅದನ್ನು ಕಾಂಬಿನೇಟರಿಕ್ಸ್ ತರಗತಿಯಲ್ಲೇ ಕಲಿಸುತ್ತೇವೆ.

ಹಡಗಲಿ_ಮಲ್ಲಿಗೆ

ಬೋಸ್ ಹೆಸರು ಬಂತು, ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹೆಸರು ಬರಲಿಲ್ಲವಲ್ಲ! ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10. 102 ವರ್ಷ ಬದುಕಿದರು. ಮಲ್ಲಿಗೆ ಜೊತೆ ಇದನ್ನೂ ನೆನಪಿಡಿ ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಪ್ರಶ್ನೆ_ಇದೆ

ಅವರು ತೆಲುಗು ಮನೆತನದವರು, ಶಾಲೆ-ಕಾಲೇಜು ಓದಿದ್ದು ಹೆಚ್ಚಾಗಿ ಆಂಧ್ರದಲ್ಲಿ. ಆಗ ಹಡಗಲಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಸುಮ್ನೆ ನಮ್ಮವರು ನಮ್ಮವರು ಅನ್ನುವುದು ಯಾಕೆ?

ಹಡಗಲಿ_ಮಲ್ಲಿಗೆ

ಹುಟ್ಟಿದ ಊರು ಅಂದೆ ಅಷ್ಟೇ ಅಣ್ಣಾ. ಜಾಗ ನಮ್ಮದು ತಾನೇ.

ಟೆಸ್ಟರ್_ಮಲ್ಲೇಶ್ವರಂ

ರಾವ್ ಅವರ ಹೆಸರು ಬಂದದ್ದು ಒಳ್ಳೆಯದಾಯಿತು. 1947ರಲ್ಲಿ ಅವರು ಆರ್ಥೋಗೋನಲ್ ಅರೇ ಅಂತ ಒಂದನ್ನು ಕೊಟ್ಟರು. ನಾವು ಸಾಫ್ಟ್‌ವೇರ್ ಟೆಸ್ಟಿಂಗ್‌ನವರು ಈಗ ಅದರಲ್ಲೇ ಊಟ ಮಾಡುತ್ತಿದ್ದೇವೆ.

ಹೋದ ವಾರದ್ದೇ ಹೇಳುತ್ತೇನೆ. ಒಂದು ಪೇಮೆಂಟ್ ಪರದೆ. 3 ಬ್ರೌಸರ್, 3 ಭಾಷೆ, 3 ಬಗೆಯ ಕಾರ್ಡ್, 3 ಬಗೆಯ ನೆಟ್‌ವರ್ಕ್. ಎಲ್ಲಾ ಜೋಡಣೆ ನೋಡಿದರೆ 81 ಟೆಸ್ಟ್. ಮ್ಯಾನೇಜರ್ ಕೊಟ್ಟಿದ್ದು ಒಂದು ಮಧ್ಯಾಹ್ನ. ಅಂಥ ಅರೇಗಳಲ್ಲೊಂದಾದ ಎಲ್-9 ಕೋಷ್ಟಕ ತೆಗೆದೆ. 9 ಸಾಲು, 4 ಕಂಬ. ಯಾವ ಎರಡು ಕಂಬ ಹಿಡಿದರೂ ಎಲ್ಲಾ 9 ಜೋಡಿ ಒಂದೊಂದು ಸಲ ಬರುತ್ತವೆ. 9 ಟೆಸ್ಟ್‌ನಲ್ಲೇ ಎರಡು ದೋಷ ಸಿಕ್ಕವು. ಒಂದು, ಕನ್ನಡ ಭಾಷೆ ಮತ್ತು ನಿಧಾನ ನೆಟ್‌ವರ್ಕ್ ಎರಡೂ ಸೇರಿದಾಗ ಮಾತ್ರ ಬಟನ್ ಮಾಯ. ಬಿಡಿಬಿಡಿಯಾಗಿ ನೋಡಿದ್ದರೆ ಸಿಗುತ್ತಲೇ ಇರಲಿಲ್ಲ.

ನಿವೃತ್ತ_ಟೀಚರ್

ಮಲ್ಲೇಶ್ವರಂ ಅವರೇ, ಒಂದು ತಿದ್ದುಪಡಿ. ನಿಮ್ಮ ಕೆಲಸಕ್ಕೆ ಪ್ರತಿ ಜೋಡಿ ಒಂದು ಸಲವಾದರೂ ಬಂದರೆ ಸಾಕು. ಎರಡು ಸಲ ಬಂದರೂ ನಷ್ಟವಿಲ್ಲ. ಅದಕ್ಕೆ ಕವರಿಂಗ್ ಅರೇ ಅನ್ನುತ್ತಾರೆ. ದೊಡ್ಡ ಲೆಕ್ಕಗಳಲ್ಲಿ ಅದಕ್ಕೆ ಇನ್ನೂ ಕಡಿಮೆ ಸಾಲು ಸಾಕಾಗುತ್ತದೆ. ಪ್ರತಿ ಜೋಡಿಯೂ ಸಮಸಮ ಸಲ ಬರಲೇಬೇಕು ಅನ್ನುವ ಹಟ ನಮ್ಮದು, ಅಂಕಿಸಂಖ್ಯೆಯವರದು. ನಮಗೆ 'ದೋಷ ಇದೆಯಾ ಇಲ್ಲವಾ' ಸಾಲದು, 'ಎಷ್ಟು' ಅಂತ ಅಳೆಯಬೇಕು.

ಮತ್ತೆ, ಎಲ್-9ರಲ್ಲಿ ನಾಲ್ಕೂ ಕಂಬ ತುಂಬಿಸಿ ಕಾರ್ಖಾನೆಯಲ್ಲಿ ಪ್ರಯೋಗ ಮಾಡುವವರನ್ನು ಕಂಡರೆ ನನಗೆ ಭಯ. 9 ಅಳತೆ, 4 ಅಂಶ, ಒಂದೊಂದಕ್ಕೂ 2 ಸ್ವಾತಂತ್ರ್ಯಾಂಕ (ಅಂದರೆ ಅಂದಾಜು ಮಾಡಲು ಖರ್ಚಾಗುವ ಅಳತೆಗಳ ಲೆಕ್ಕ). 8 ಖರ್ಚು, ಸರಾಸರಿಗೆ 1. ಕಿಸೆ ಖಾಲಿ. ಎರಡು ಅಂಶಗಳು ಸೇರಿ ಏನಾದರೂ ಆಟ ಆಡಿದರೆ ಅದು ಮೂರನೆಯ ಅಂಶದ ತಲೆಗೆ ಕಟ್ಟುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಟೆಸ್ಟರ್_ಮಲ್ಲೇಶ್ವರಂ

ಒಪ್ಪಿದೆ ಟೀಚರ್. ಆದರೆ ಜಪಾನಿನ ಎಂಜಿನಿಯರ್ ತಾಗುಚಿ ಇದನ್ನೇ ಇಟ್ಟುಕೊಂಡು ಅಲ್ಲಿನ ಕಾರ್ಖಾನೆಗಳನ್ನು ಗೆದ್ದರಲ್ಲ?

ನಿವೃತ್ತ_ಟೀಚರ್

ಗೆದ್ದರು. 1954-55ರಲ್ಲಿ ಅವರೂ ಕಲ್ಕತ್ತೆಯ ಅದೇ ಸಂಸ್ಥೆಯಲ್ಲಿ ಇದ್ದು ಹೋದವರು. ಜಗಳ ಇರುವುದು ಕೋಷ್ಟಕದ ಮೇಲಲ್ಲ, ಅದನ್ನು ಕಣ್ಣುಮುಚ್ಚಿ ಬಳಸುವುದರ ಮೇಲೆ.

ಸಾರಿನಪುಡಿ_ಶಾಲಿನಿ

ಚರಿತ್ರೆ ಚೆನ್ನಾಗಿದೆ. ಆದರೆ ನನ್ನ ತಲೆಗೆ ಇನ್ನೂ ಹತ್ತಿಲ್ಲ. ಪ್ರತಿ ಜೋಡಿ ಒಂದೇ ಸಲ ಬಂದರೆ ನನಗೇನು ಲಾಭ? ಸುಮ್ನೆ ಮನಸ್ಸಿಗೆ ಬಂದ ಹಾಗೆ ಮೂರುಮೂರು ಕೊಟ್ಟಿದ್ದರೆ ಏನಾಗುತ್ತಿತ್ತು?

ನಿವೃತ್ತ_ಟೀಚರ್

ಒಳ್ಳೇ ಪ್ರಶ್ನೆ. ಪೆನ್ನು ಹಿಡಿದುಕೊಳ್ಳಮ್ಮಾ.

ನೆರೆಯವರಲ್ಲಿ ಕೈಬಿಗಿ ಇರುತ್ತಾರೆ, ಧಾರಾಳಿ ಇರುತ್ತಾರೆ. ಒಬ್ಬರು ಯಾವುದಕ್ಕೂ 5ರ ಮೇಲೆ ಕೊಡುವುದಿಲ್ಲ. ಇನ್ನೊಬ್ಬರು ನೀರಿಗೂ 8 ಕೊಡುತ್ತಾರೆ. ಒಂದು ಪುಡಿಗೆ ಮೂವರು ಧಾರಾಳಿಗಳೇ ಸಿಕ್ಕಿಬಿಟ್ಟರೆ ಅದು ಗೆದ್ದ ಹಾಗೆ. ಅದಕ್ಕೆ ಬರೀ ಒಟ್ಟು ಅಂಕ ನೋಡಬಾರದು.

4ನೇ ಪುಡಿ ತಗೋ. ಅದು 145, 246, 347 ಈ ಮೂವರ ಮುಂದೆ ಬಂತು. ಆ ಮೂವರ ಎದುರು ಇದ್ದ ಇತರ ಲೋಟಗಳು ಯಾವುವು? 1, 5, 2, 6, 3, 7. ಉಳಿದ ಆರೂ, ಒಂದೊಂದು ಸಲ! ಈಗ 4ರ ಮೂರು ಅಂಕಗಳ ಎರಡರಷ್ಟು ಬರಿ. ಅದರಿಂದ ಆ ಆರು ಲೋಟಗಳ ಅಂಕ ಕಳಿ. ಪ್ರತಿ ನೆರೆಯವರೂ ಈ ಲೆಕ್ಕದಲ್ಲಿ ಎರಡು ಸಲ ಕೂಡುತ್ತಾರೆ, ಎರಡು ಸಲ ಕಳೆಯುತ್ತಾರೆ. ಅವರ ಧಾರಾಳತನ, ಜಿಪುಣತನ ಪೂರ್ತಿ ಹೊರಟುಹೋಗುತ್ತದೆ. ಉಳಿಯುವುದು 4ನೇ ಪುಡಿ ಉಳಿದ ಆರರ ಎದುರು ಎಷ್ಟು ಅನ್ನುವುದು ಮಾತ್ರ. 7ರಿಂದ ಭಾಗಿಸಿದರೆ ಎಲ್ಲದರ ಸರಾಸರಿಗಿಂತ ಅದು ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಸಿಗುತ್ತದೆ.

ಸುಲಭ ರೂಪ: ಪುಡಿಯ ಒಟ್ಟು ಅಂಕಕ್ಕೆ 3ರಿಂದ ಗುಣಿಸು. ಅದನ್ನು ನೋಡಿದ ಮೂವರೂ ಎಲ್ಲಾ ಲೋಟಕ್ಕೆ ಕೊಟ್ಟ ಒಟ್ಟು ಅಂಕ ಕಳಿ. 7ರಿಂದ ಭಾಗಿಸು. ಉದಾಹರಣೆಗೆ 4ಕ್ಕೆ ಒಟ್ಟು 21 ಬಂದಿದ್ದು, ಆ ಮೂವರ ಮೊತ್ತಗಳು 18, 20, 16 ಅಂದರೆ, 63ರಿಂದ 54 ಹೋಗಿ 9. ಏಳರಲ್ಲಿ ಭಾಗಿಸಿದರೆ ಸುಮಾರು 1.29.

ಮನಸ್ಸಿಗೆ ಬಂದ ಹಾಗೆ ಕೊಟ್ಟಿದ್ದರೂ ಕಂಪ್ಯೂಟರ್ ಲೆಕ್ಕ ಮಾಡುತ್ತಿತ್ತು. ಆದರೆ 1-2ರ ಅಂತರ ಗಟ್ಟಿಯಾಗಿ, 3-6ರ ಅಂತರ ಸಡಿಲವಾಗಿ ಬರುತ್ತಿತ್ತು. ಜೋಡಿ ಸಮವಾಗಿದ್ದರೆ ಎಲ್ಲಾ ಹೋಲಿಕೆಗೂ ಒಂದೇ ನಿಖರತೆ. ಹುಡುಗಿಯ ಚಿತ್ರದಲ್ಲಿ ಒಂದು ಗುಂಪು ಅಂದರೆ ಒಂದು ಗೆರೆ; ಅಲ್ಲಿ 'ಎರಡು ಚುಕ್ಕೆಗೆ ಒಂದೇ ಗೆರೆ' ಅನ್ನುವುದು ನಮ್ಮ ಕೋಷ್ಟಕದಲ್ಲಿ 'ಎಲ್ಲಾ ಅಂತರಕ್ಕೂ ಒಂದೇ ವೇರಿಯನ್ಸ್', ಅಂದರೆ ಒಂದೇ ಅಲುಗಾಟದ ಅಳತೆ, ಆಗುತ್ತದೆ. ನನ್ನ ಕೇಳಿದರೆ ಎರಡೂ ಶಾಸ್ತ್ರಗಳ ನಂಟು ಇರುವುದು ಇಲ್ಲೇ.

ಬೀಜಗಣಿತ_ಭಟ್ಟ

ಟೀಚರ್, ಇಷ್ಟು ವರ್ಷ ಫಾನೋ ಪಾಠ ಮಾಡಿದ್ದೇನೆ. ಧಾರಾಳಿ ನೆರೆಯವರು ಹೊರಟುಹೋಗುವುದನ್ನು ಇವತ್ತೇ ಕಂಡಿದ್ದು.

ಸುಮ್ನೆ_ಓದುವವ

ನನಗೆ ಗಣಿತ ಬರುವುದಿಲ್ಲ. ಆದರೆ ಪಟ್ಟಿ ನೋಡಿ: 123, 145, 167. 1ನೆಯದು ಮೂರು ಸಲವೂ ಮೊದಲು. 167, 257, 347. 7ನೆಯದು ಮೂರು ಸಲವೂ ಕೊನೆ. ಇದೇ ಕ್ರಮದಲ್ಲಿ ಲೋಟ ಕೊಟ್ಟಿರಾ?

ಸಾರಿನಪುಡಿ_ಶಾಲಿನಿ

ಅಯ್ಯೋ ದೇವರೇ. ಹೌದು. ಎಡದಿಂದ ಬಲಕ್ಕೆ ಜೋಡಿಸಿಟ್ಟಿದ್ದೆ.

ಕಾಫಿ_ಕುಡುಕ

ಸುಮ್ನೆ ಓದುವವರೇ ಎಲ್ಲರಿಗಿಂತ ಮೊದಲು ಓದಿದ್ದು 👏

ನಿವೃತ್ತ_ಟೀಚರ್

ನಾನೂ ಗಮನಿಸಲಿಲ್ಲ, ನಾಚಿಕೆಯಾಗುತ್ತಿದೆ. 1ಕ್ಕೆ ಹಸಿದ ನಾಲಿಗೆ ಸಿಕ್ಕಿತು. ನಿಮ್ಮಮ್ಮನ ಪುಡಿಗೆ ಎರಡು ಖಾರದ ಸಾರು ಕುಡಿದು ಮರಗಟ್ಟಿದ ನಾಲಿಗೆ. ಪಾಪ.

ಗಣಿತದ ಪಟ್ಟಿಯಲ್ಲಿ 123, 312 ಎರಡೂ ಒಂದೇ. ಗುಂಪಿಗೆ ಕ್ರಮ ಇಲ್ಲ. ನಾಲಿಗೆಗೆ ಇದೆ. ಹೊಲಕ್ಕೂ ಇದೆ. ಇಂಥದ್ದಕ್ಕೇ ಫಿಶರ್ ಚೀಟಿ ಎತ್ತಿ ಅಂತ ಬಡಿದುಕೊಂಡದ್ದು. ಯಾವ ಪುಡಿಗೆ ಯಾವ ನಂಬರ್, ಯಾರಿಗೆ ಯಾವ ಗುಂಪು, ಯಾವ ಲೋಟ ಮೊದಲು, ಎಲ್ಲವನ್ನೂ ಚೀಟಿಯಿಂದ ತೀರ್ಮಾನಿಸಬೇಕು.

ಕ್ರಮದ ವಿಷಯಕ್ಕೆ ಇನ್ನೂ ಒಳ್ಳೇ ದಾರಿ ಇದೆ. ಅಮೆರಿಕದ ಯೂಡನ್ ಅನ್ನುವವರು 1937ರಲ್ಲಿ ತಂಬಾಕಿನ ವೈರಸ್ ಪರೀಕ್ಷೆ ಮಾಡುತ್ತಿದ್ದರು. ಗಿಡದಿಂದ ಗಿಡಕ್ಕೆ ವ್ಯತ್ಯಾಸ. ಅದೇ ಗಿಡದಲ್ಲೂ ಮೇಲಿನ ಎಲೆ ಬೇರೆ, ಕೆಳಗಿನ ಎಲೆ ಬೇರೆ. ಅವರು ಪಟ್ಟಿಯನ್ನು ಹೀಗೆ ಜೋಡಿಸಿದರು, ಪ್ರತಿ ದ್ರಾವಣವೂ ಪ್ರತಿ ಎಲೆಯ ಸ್ಥಾನದಲ್ಲಿ ಒಂದೊಂದು ಸಲ ಬರುವಂತೆ. ನಿಮಗೆ ಬೇಕಾದದ್ದು ಇದು:

124, 235, 346, 457, 561, 672, 713

ಎಡದ ಅಂಕಿ ಮಾತ್ರ ಓದಿ: 1, 2, 3, 4, 5, 6, 7. ನಡುವಿನದು: 2, 3, 4, 5, 6, 7, 1. ಕೊನೆಯದು: 4, 5, 6, 7, 1, 2, 3. ಎಲ್ಲಾ ಪುಡಿಯೂ ಒಮ್ಮೆ ಮೊದಲು, ಒಮ್ಮೆ ನಡುವೆ, ಒಮ್ಮೆ ಕೊನೆಗೆ. ಜೋಡಿಗಳು ಮಾತ್ರ ಮೊದಲಿನ ಹಾಗೇ ಒಂದೊಂದೇ ಸಲ. ಕಟ್ಟುವುದೂ ಸುಲಭ. 124ರಿಂದ ಶುರು ಮಾಡಿ ಎಲ್ಲಕ್ಕೂ ಒಂದೊಂದು ಕೂಡಿಸುತ್ತಾ ಹೋಗಿ, 7 ದಾಟಿದರೆ ಮತ್ತೆ 1.

ಬೀಜಗಣಿತ_ಭಟ್ಟ

ಚುಕ್ಕೆ ಎಷ್ಟೋ ಗುಂಪೂ ಅಷ್ಟೇ ಇರುವ ಯಾವ ಬಿಐಬಿಡಿಯನ್ನಾದರೂ ಹೀಗೆ ಜೋಡಿಸಬಹುದು. ಅದಕ್ಕೆ ಬೇಕಾದದ್ದು 1935ರ ಹಾಲ್ ಪ್ರಮೇಯ. ಹೆಸರೇನು ಗೊತ್ತಾ? ಮದುವೆ ಪ್ರಮೇಯ! ಪ್ರತಿ ಗುಂಪಿಗೂ ಬೇರೆ ಬೇರೆ 'ಮೊದಲ ಲೋಟ' ಹುಡುಕುವುದು, ಪ್ರತಿ ಹುಡುಗಿಗೂ ಒಪ್ಪುವ ಬೇರೆ ಬೇರೆ ವರ ಹುಡುಕುವುದು, ಲೆಕ್ಕ ಒಂದೇ.

ಕಾಫಿ_ಕುಡುಕ

ಅಂತೂ ಸಾರಿನಿಂದ ಮದುವೆ ಊಟದ ತನಕ ಬಂತು.

ಪ್ರಶ್ನೆ_ಇದೆ

ಎಲ್ಲರೂ ಫಿಶರ್ ಫಿಶರ್ ಅನ್ನುತ್ತಿದ್ದೀರಿ. ಬೋಸರ 1939ರ ಲೇಖನ ಬಂದ ಪತ್ರಿಕೆಯ ಹೆಸರು ಹೇಳಿ ನೋಡೋಣ. 'ಆನಲ್ಸ್ ಆಫ್ ಯುಜೆನಿಕ್ಸ್'. ಒಳ್ಳೇ ವಂಶ, ಕೆಟ್ಟ ವಂಶ ಅಂತ ಜನರನ್ನು ವಿಂಗಡಿಸುವ ವಿಚಾರದ ಹೆಸರು. ಫಿಶರ್ ಅದರ ಬೆಂಬಲಿಗ. ಕೇಂಬ್ರಿಜ್‌ನಲ್ಲಿ ಅವರ ಕಾಲೇಜಿನ ಊಟದ ಮನೆಯಲ್ಲಿ ಅವರ ನೆನಪಿಗೆ 7×7 ಲ್ಯಾಟಿನ್ ಚೌಕದ (ಪ್ರತಿ ಅಡ್ಡಸಾಲಿನಲ್ಲೂ ಕಂಬಸಾಲಿನಲ್ಲೂ ಪ್ರತಿ ಬಣ್ಣ ಒಂದೇ ಸಲ ಬರುವ ಚೌಕ) ಬಣ್ಣದ ಗಾಜಿನ ಕಿಟಕಿ ಇತ್ತು. 2020ರಲ್ಲಿ ತೆಗೆದುಹಾಕಿದರು.

ಹೊಲದ_ಲೆಕ್ಕ

ತೆಗೆದದ್ದು ಸರಿಯೇ ಅನ್ನಿಸುತ್ತದೆ ನನಗೆ. ಚೌಕ ಮಾತ್ರ ಏನು ತಪ್ಪು ಮಾಡಿತ್ತು?

ನಿರ್ವಾಹಕ

ಇದು ಮುಖ್ಯವಾದ ವಿಷಯ. ಆದರೆ ಬೇರೆ ಎಳೆ ತೆರೆಯಿರಿ. ಇಲ್ಲಿ ಸಾರು ಆರುತ್ತಿದೆ.

ಅಕ್ಕಸಾಲಿ_ಮಗ

ನಮ್ಮ ಅಂಗಡಿಯ ತಕ್ಕಡಿಗೂ ಇದಕ್ಕೂ ನಂಟಿದೆ ಅಂತ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ಹೇಳಿದ್ದರು. ಆಗ ನಂಬಿರಲಿಲ್ಲ. ಎರಡು ತಟ್ಟೆಯ ತಕ್ಕಡಿ. ಉಂಗುರ, ಓಲೆ, ಬಳೆ, ಸರ, ನಾಲ್ಕನ್ನು ತೂಗಬೇಕು. ಒಂದೊಂದನ್ನೇ ತೂಗಿದರೆ 4 ತೂಕ. ಅದರ ಬದಲು ಹೀಗೆ ಮಾಡಿ. ಮೊದಲು ನಾಲ್ಕೂ ಎಡಕ್ಕೆ. ಆಮೇಲೆ ಉಂಗುರ-ಓಲೆ ಎಡಕ್ಕೆ, ಬಳೆ-ಸರ ಬಲಕ್ಕೆ. ಆಮೇಲೆ ಉಂಗುರ-ಬಳೆ ಎಡಕ್ಕೆ, ಓಲೆ-ಸರ ಬಲಕ್ಕೆ. ಕೊನೆಗೆ ಉಂಗುರ-ಸರ ಎಡಕ್ಕೆ, ಓಲೆ-ಬಳೆ ಬಲಕ್ಕೆ. ಎಡ-ಬಲದ ವ್ಯತ್ಯಾಸ ಬರೆದುಕೊಂಡು ನಾಲ್ಕನ್ನೂ ಕೂಡಿಸಿದರೆ ಉಂಗುರದ ನಾಲ್ಕರಷ್ಟು ಬರುತ್ತದೆ, ಉಳಿದದ್ದೆಲ್ಲ ಹೊಡೆದುಹೋಗುತ್ತದೆ. ಚಿಹ್ನೆ ಬದಲಿಸಿದರೆ ಉಳಿದ ಮೂರೂ ಸಿಗುತ್ತವೆ. ಅದೇ 4 ತೂಕ, ಆದರೆ ತಪ್ಪು ಅರ್ಧ.

ಅಪ್ಪನಿಗೆ ಹೇಳಿದೆ. "ಗಿರಾಕಿ ಮುಂದೆ ಅವರ ಉಂಗುರದ ಜೊತೆ ಇನ್ನೊಬ್ಬರ ಬಳೆ ಇಟ್ಟು ತೂಗು, ನೋಡೋಣ" ಅಂದರು.

ನಿವೃತ್ತ_ಟೀಚರ್

ಯೇಟ್ಸ್ ಇದರ ಬೀಜ ಬಿತ್ತಿದರು, ಹೊಟೆಲಿಂಗ್ 1944ರಲ್ಲಿ ಬೆಳೆಸಿದರು. ಈ ಕೂಡು-ಕಳೆ ಚೌಕಕ್ಕೆ ಹಡಮಾರ್ಡ್ ಮಾತೃಕೆ ಅಂತ ಹೆಸರು. ಪ್ಲ್ಯಾಕೆಟ್ ಮತ್ತು ಬರ್ಮನ್ 1946ರಲ್ಲಿ ಇದನ್ನೇ ಕಾರ್ಖಾನೆ ಪ್ರಯೋಗಕ್ಕೆ ತಂದರು. ಇನ್ನೊಂದು ತಮಾಷೆ, 8×8ರ ಚೌಕದಲ್ಲಿ ಮೊದಲ ಸಾಲು ಮೊದಲ ಕಂಬ ತೆಗೆದರೆ ಉಳಿಯುವುದು ಶಾಲಿನಿಯ 7 ಪುಡಿಯ ಪಟ್ಟಿಯೇ.

ಬೀಜಗಣಿತ_ಭಟ್ಟ

4ರಿಂದ ಭಾಗವಾಗುವ ಎಲ್ಲಾ ಅಳತೆಗೂ ಇಂಥ ಚೌಕ ಇದೆ ಅಂತ ನಂಬಿಕೆ. 428ರದ್ದು 2005ರಲ್ಲಿ ಸಿಕ್ಕಿತು. 668ರದ್ದು ಹುಡುಕುತ್ತಲೇ ಇದ್ದಾರೆ.

ಹೊಲದ_ಲೆಕ್ಕ

668 ಒಡವೆ ಯಾರು ತೂಗುತ್ತಾರೆ ಭಟ್ಟರೇ.

ಆದರೆ 'ಇಲ್ಲ' ಅನ್ನುವ ಗಣಿತ ಒಮ್ಮೊಮ್ಮೆ ಹೊಲಕ್ಕೂ ಬಂದು ಬಡಿಯುತ್ತದೆ. 25 ರಾಗಿ ತಳಿ ಇದ್ದರೆ ಸುಖ. 5×5 ಚೌಕದಲ್ಲಿ ಬರೆಯಿರಿ. ಮೊದಲ ಸುತ್ತಿನಲ್ಲಿ ಅಡ್ಡಸಾಲು ಒಂದೊಂದು ಬ್ಲಾಕ್. ಎರಡನೇ ಸುತ್ತಿನಲ್ಲಿ ಕಂಬಸಾಲು. ಮೂರನೆಯದಕ್ಕೆ ಮೇಲೊಂದು ಲ್ಯಾಟಿನ್ ಚೌಕ ಹೊದಿಸಿ, ಒಂದೊಂದು ಅಕ್ಷರ ಒಂದೊಂದು ಬ್ಲಾಕ್. ಹೀಗೆ ಒಂದಕ್ಕೊಂದು ಹೊಂದುವ (ಯಾವ ಎರಡನ್ನು ಮೇಲೊಂದು ಇಟ್ಟರೂ ಅಕ್ಷರಗಳ ಪ್ರತಿ ಜೋಡಿ ಒಂದೇ ಸಲ ಬರುವ) 4 ಚೌಕ ಸಿಗುತ್ತವೆ, ಒಟ್ಟು 6 ಸುತ್ತು. ಆಗ ಪ್ರತಿ ಜೋಡಿ ತಳಿಯೂ ಒಂದೊಂದು ಸಲ ಅಕ್ಕಪಕ್ಕದ ಬ್ಲಾಕಿನಲ್ಲ, ಒಂದೇ ಬ್ಲಾಕಿನಲ್ಲಿ ಬಂದಿರುತ್ತದೆ.

ಈಗ 36 ತಳಿ ತಗೊಳ್ಳಿ. ಮೂರು ಸುತ್ತಿನ ತನಕ ಹೋಗಬಹುದು. ನಾಲ್ಕನೆಯದಕ್ಕೆ ಮೊದಲ ಚೌಕಕ್ಕೆ ಹೊಂದುವ ಇನ್ನೊಂದು 6×6 ಚೌಕ ಬೇಕು. ಅದು ಇಲ್ಲ! ಆಯ್ಲರ್ 1782ರಲ್ಲಿ 36 ಸೇನಾಧಿಕಾರಿಗಳ ಒಗಟು ಅಂತ ಕೇಳಿದ್ದು ಇದನ್ನೇ. 6 ದಳ, 6 ದರ್ಜೆ, ಪ್ರತಿ ದಳದಿಂದ ಪ್ರತಿ ದರ್ಜೆಯವರು ಒಬ್ಬೊಬ್ಬರೇ; 6×6 ಚೌಕದಲ್ಲಿ ನಿಲ್ಲಿಸಿದರೆ ಅಡ್ಡ, ಕಂಬ ಯಾವ ಸಾಲಿನಲ್ಲೂ ದಳವಾಗಲಿ ದರ್ಜೆಯಾಗಲಿ ಮರುಕಳಿಸಬಾರದು. ಆಗುವುದಿಲ್ಲ ಅಂತ 1900ರ ಹೊತ್ತಿಗೆ ಟಾರಿ ಒಂದೊಂದೇ ಪ್ರಕರಣ ಬಿಡಿಸಿ ತೋರಿಸಿದರು.

ಹಡಗಲಿ_ಮಲ್ಲಿಗೆ

10, 14, 18 ಇವಕ್ಕೂ ಆಗುವುದಿಲ್ಲ ಅಂತ ಆಯ್ಲರ್ ಹೇಳಿದ್ದರಂತಲ್ಲ?

ಬೀಜಗಣಿತ_ಭಟ್ಟ

ಹೇಳಿದ್ದರು. ಸುಮಾರು 177 ವರ್ಷ ಯಾರೂ ಅಲ್ಲಾಡಿಸಲಿಲ್ಲ. 1959ರಲ್ಲಿ ಬೋಸ್, ಅವರ ಶಿಷ್ಯ ಶ್ರೀಖಂಡೆ, ಮತ್ತೆ ಪಾರ್ಕರ್ ಸೇರಿ 6 ಒಂದನ್ನು ಬಿಟ್ಟು ಆ ಸಾಲಿನ ಎಲ್ಲವೂ ಸಾಧ್ಯ ಅಂತ ತೋರಿಸಿದರು. ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಸುದ್ದಿ. 'ಆಯ್ಲರ್ ಕೆಡಿಸಿದವರು' ಅಂತಲೇ ಅಡ್ಡಹೆಸರು ಬಿತ್ತು. ಅದರಲ್ಲಿ ಇಬ್ಬರು ಭಾರತೀಯರು, ಇಬ್ಬರೂ ಸಂಖ್ಯಾಶಾಸ್ತ್ರ ವಿಭಾಗದ ದಾರಿಯಿಂದ ಬಂದವರು. ಗಣಿತದ ಹಳೇ ಗಂಟು ಬಿಚ್ಚಿದ್ದು ಹೊಲಕ್ಕೆ ಪಟ್ಟಿ ಕಟ್ಟಿ ಪಳಗಿದ ಕೈಗಳು. ಇದನ್ನು ನಾನೇ ಒಪ್ಪಿಕೊಳ್ಳುತ್ತಿದ್ದೇನೆ, ಹೊಲದವರು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಲಿ.

ಹೊಲದ_ಲೆಕ್ಕ

ತೆಗೆದುಕೊಂಡೆ 😀

ಇನ್ನೂ ಒಂದು ಮಾತು. 36ಕ್ಕೆ ಇಲ್ಲ ಅಂದರೆ ನಾವೇನು ಬಿತ್ತನೆ ನಿಲ್ಲಿಸುತ್ತೇವಾ? ಭಟ್ಟರಿಗೆ ಇಲ್ಲ ಅಂದರೆ ಇಲ್ಲ. ನಮಗೆ ಇಲ್ಲ ಅಂದರೆ 'ಹತ್ತಿರದ್ದು ಏನಿದೆ ಕೊಡಿ'. 1976ರಲ್ಲಿ ಪ್ಯಾಟರ್‌ಸನ್ ಮತ್ತು ವಿಲಿಯಮ್ಸ್ ಆಲ್ಫಾ ಡಿಸೈನ್ ಅಂತ ತಂದರು. ಕೆಲವು ಜೋಡಿ ಒಂದು ಸಲ, ಕೆಲವು ಸೊನ್ನೆ ಸಲ. ಪೂರ್ತಿ ಸಮ ಅಲ್ಲ, ಆದರೆ ಯಾವ ಸಂಖ್ಯೆಗೂ ಒಗ್ಗುತ್ತದೆ. ಈಗ ದೊಡ್ಡ ತಳಿ ಪರೀಕ್ಷೆ ಅಂದರೆ ಹೆಚ್ಚಾಗಿ ಅದೇ.

ಬೀಜಗಣಿತ_ಭಟ್ಟ

ಇಲ್ಲಿ ನನ್ನ ತಕರಾರು. 15 ಚುಕ್ಕೆ, ಮೂರುಮೂರರ ಗುಂಪು, ಜೋಡಿ ಒಂದೇ ಸಲ. ಇಂಥ ವ್ಯವಸ್ಥೆ ಒಂದಲ್ಲ, ಒಂದಕ್ಕೊಂದು ಹೋಲದ 80 ಇವೆ. 19 ಚುಕ್ಕೆಗೆ ಹೋದರೆ 1,108 ಕೋಟಿಗೂ ಜಾಸ್ತಿ. ನಮಗೆ ಒಂದೊಂದೂ ಬೇರೆ ಊರು. ನೀವು ಕೋಷ್ಟಕದಲ್ಲಿ ಸಿಕ್ಕ ಮೊದಲನೆಯದನ್ನು ಎತ್ತಿಕೊಂಡು ಹೋಗುತ್ತೀರಿ.

ನಿವೃತ್ತ_ಟೀಚರ್

ಯಾಕೆಂದರೆ ನಮ್ಮ ಲೆಕ್ಕಕ್ಕೆ 80ಕ್ಕೆ 80ರ ನಿಖರತೆಯೂ ಒಂದೇ. ಎಲ್ಲಾ ಅಂತರಕ್ಕೂ ಅದೇ ವೇರಿಯನ್ಸ್.

ಹೊಲದ_ಲೆಕ್ಕ

ಹಂದಿ ಬರುವ ತನಕ ಒಂದೇ, ಟೀಚರ್. ಒಂದು ವರ್ಷ ಸುಗ್ಗಿಗೆ ಒಂದು ವಾರ ಇದ್ದಾಗ ರಾತ್ರಿ ಕಾಡುಹಂದಿ ನುಗ್ಗಿ ಮೂರು ಬ್ಲಾಕ್ ಪೂರ್ತಿ ಉತ್ತು ಹಾಕಿತು. ಬೆಳಿಗ್ಗೆ ಹೋಗಿ ನೋಡಿದರೆ ಬರೀ ಗುಳಿ. ತಳಿಯ ಹೆಸರು ಬರೆದ ಕಡ್ಡಿ ಮಾತ್ರ ನಿಂತಿವೆ. ಆಗ ಯಾವ ಬ್ಲಾಕಿನ ಜೊತೆ ಯಾವ ಬ್ಲಾಕ್ ತಳಿ ಹಂಚಿಕೊಂಡಿತ್ತು ಅನ್ನುವುದರ ಮೇಲೆ ನಷ್ಟ ನಿಂತಿರುತ್ತದೆ. ಮೂರರಲ್ಲೂ ಒಂದೇ ತಳಿ ಇದ್ದರೆ ಆ ತಳಿ ಹೋಯಿತು. ಅವತ್ತು ಭಟ್ಟರ 80 ಊರುಗಳ ನಕ್ಷೆ ಬೇಕಿತ್ತು ಅನ್ನಿಸಿತ್ತು.

ಟೆಸ್ಟರ್_ಮಲ್ಲೇಶ್ವರಂ

ಕರ್ಕ್‌ಮನ್ ಬಗ್ಗೆ ಮೇಲೆ ಬಂತಲ್ಲ. ಕೋವಿಡ್ ಸಮಯದಲ್ಲಿ ಐಐಟಿ ಬಾಂಬೆಯ ತಂಡ ಟ್ಯಾಪೆಸ್ಟ್ರಿ ಅಂತ ಒಂದು ವಿಧಾನ ಮಾಡಿತ್ತು. ಒಬ್ಬೊಬ್ಬರ ಸ್ಯಾಂಪಲ್ ಬೇರೆ ಬೇರೆ ಪರೀಕ್ಷಿಸುವ ಬದಲು, ಒಬ್ಬೊಬ್ಬರದನ್ನು ಮೂರು ಕೊಳವೆಗೆ ಹಾಕಿ ಬೆರೆಸುವುದು. ಯಾರದು ಯಾವ ಮೂರಕ್ಕೆ ಅನ್ನುವುದಕ್ಕೆ ಕರ್ಕ್‌ಮನ್ ತ್ರಿಕಗಳು. ಯಾವ ಕೊಳವೆಗಳಲ್ಲಿ ವೈರಸ್ ಕಂಡಿತು ಅನ್ನುವುದರಿಂದ ಹಿಂದಕ್ಕೆ ಲೆಕ್ಕ ಹಾಕಿ ಆಸಾಮಿಯನ್ನು ಹಿಡಿಯುವುದು. ಪಾದ್ರಿಯ ಶಾಲಾ ಹುಡುಗಿಯರು 170 ವರ್ಷದ ಮೇಲೆ ಲ್ಯಾಬಿಗೆ ಬಂದರು.

ಸಾರಿನಪುಡಿ_ಶಾಲಿನಿ

ಹತ್ತು ದಿನದ ಮೇಲೆ ಬರುತ್ತಿದ್ದೇನೆ. ಪರೀಕ್ಷೆ ಮತ್ತೆ ಮಾಡಿದೆ!

ಈ ಸಲ 14 ಜನ, ಟೀಚರ್ ಪಟ್ಟಿ ಎರಡು ಸಲ. ಲೋಟದ ಕೆಳಗೆ ಪುಡಿಯ ನಂಬರ್ ಬದಲು 418, 273 ಅಂತ ಮೂರಂಕಿ ಸಂಖ್ಯೆ ಅಂಟಿಸಿದೆ. ಯಾರಿಗೆ ಯಾವ ಸಾಲು ಅಂತ ಮಗನ ಕೈಯಲ್ಲಿ ಚೀಟಿ ಎತ್ತಿಸಿದೆ. ನಡುನಡುವೆ ಒಂದು ಗುಟುಕು ಮಜ್ಜಿಗೆ, ಎರಡು ತುತ್ತು ಬಿಳಿ ಅನ್ನ. ಸಾಲು ಬದಲಿಸಿ ಕುಳಿತ ಒಬ್ಬ ದೊಡ್ಡಮ್ಮನನ್ನು ಎಬ್ಬಿಸಿ ವಾಪಸ್ ಕೂರಿಸಬೇಕಾಯಿತು, ಮುನಿಸಿಕೊಂಡಿದ್ದಾರೆ.

ಫಲಿತಾಂಶ. 1ನೇ ಪುಡಿ: ಒಟ್ಟು 38. ಮೂರರಷ್ಟು 114. ಅದನ್ನು ನೋಡಿದ 6 ಜನರ ಮೊತ್ತ 119. ಕಳೆದರೆ ಮೈನಸ್ 5. ಎರಡು ಸಲ ಪಟ್ಟಿ ಓಡಿಸಿದ್ದರಿಂದ 14ರಿಂದ ಭಾಗಿಸಿದೆ, ಮೈನಸ್ 0.36. ಹೋದ ಸಲ ಗೆದ್ದವನ ಗತಿ ಇದು. 4ನೇ ಪುಡಿ: ಒಟ್ಟು 46, ಲೆಕ್ಕ ಹಾಕಿದರೆ 138ರಿಂದ 126 ಹೋಗಿ 12, ಅಂದರೆ 0.86. ಅಮ್ಮನ 7ನೇ ಪುಡಿ: ಒಟ್ಟು 45, 135ರಿಂದ 122 ಹೋಗಿ 13, ಅಂದರೆ 0.93! ಬರೀ ಒಟ್ಟು ನೋಡಿದ್ದರೆ 4 ಗೆಲ್ಲುತ್ತಿತ್ತು. ಅಮ್ಮನಿಗೆ ಕೈಬಿಗಿ ಜನ ಬಿದ್ದಿದ್ದರು. ಅಮ್ಮನೇ ಗೆದ್ದಳು ಅಂತ ಘೋಷಿಸಲಾ?

ನಿವೃತ್ತ_ಟೀಚರ್

ಅವಸರ ಬೇಡಮ್ಮಾ. ಅದೇ ಮನುಷ್ಯ ಅದೇ ಸಾರನ್ನು ಇನ್ನೊಂದು ದಿನ ಕುಡಿದರೆ ಒಂದು ಅಂಕ ಅತ್ತಿತ್ತ ಆಗುತ್ತದೆ ಅಂತಿಟ್ಟುಕೋ. ಆಗ ನಿನ್ನ ಲೆಕ್ಕದಲ್ಲಿ ಯಾವ ಎರಡು ಪುಡಿಯ ಅಂತರವೂ ಸುಮಾರು 0.65 ಅಲುಗಾಡುತ್ತಲೇ ಇರುತ್ತದೆ. 4 ಮತ್ತು 7ರ ನಡುವೆ ಇರುವುದು 0.07. ಅದು ಏನೂ ಅಲ್ಲ. ಇಬ್ಬರೂ ಸಮ. 1 ಮತ್ತು 7ರ ನಡುವೆ 1.29 ಇದೆ. ಅದನ್ನು ಮಾತ್ರ ಸ್ವಲ್ಪ ಧೈರ್ಯವಾಗಿ ಹೇಳಬಹುದು.

ಸಾರಿನಪುಡಿ_ಶಾಲಿನಿ

ಸರಿ ಟೀಚರ್, 4 ಮತ್ತು 7 ಎರಡನ್ನೂ ಪ್ಯಾಕ್ ಮಾಡುತ್ತೇನೆ. ಅಮ್ಮನಿಗೆ ಹೇಳಿದೆ. "ನನ್ನ ಪುಡಿ ಚೆನ್ನಾಗಿದೆ ಅನ್ನೋದಕ್ಕೆ 14 ಜನ, ಇಂಗ್ಲೆಂಡು, ಕಲ್ಕತ್ತೆ ಎಲ್ಲಾ ಬೇಕಾಯಿತೇನೇ" ಅಂದಳು.

ಕಾಫಿ_ಕುಡುಕ

ಮುಂದಿನ ಸಲ 15ನೆಯವನಾಗಿ ನನ್ನನ್ನು ಸೇರಿಸಿಕೊಳ್ಳಿ.

ನಿವೃತ್ತ_ಟೀಚರ್

15 ಆಗುವುದಿಲ್ಲಪ್ಪಾ. 15 ಜನಕ್ಕೆ ಮೂರುಮೂರು ಅಂದರೆ 45 ಲೋಟ. 7 ಪುಡಿಗೆ ಸಮನಾಗಿ ಹಂಚು ನೋಡೋಣ. 21 ಮಾಡಿದರೆ ಸರಿಹೋಗುತ್ತದೆ.

ಕಾಫಿ_ಕುಡುಕ

ಉಳಿದ 6 ಜನರನ್ನು ನಾನೇ ಕರೆತರುತ್ತೇನೆ. ಅನ್ನ ಇರುತ್ತದೆ ಅಲ್ವಾ?